ಮರದ ಕವಲಿನಲ್ಲಿ ಕುಳಿತು ‘ಉತ್ತಮ’ ಎನ್ನುವವರಿಗೆ

ಮಾನ್ಯ ನೀರು ಪರೀಕ್ಷಾ ಯಂತ್ರದವರ ಸನ್ನಿಧಾನಕ್ಕೆ, ಪಕ್ಷಿಧಾಮದ ದೋಣಿ ಕಾವಲುಗಾರನು ಕೆಸರು ಮೆತ್ತಿದ ಕೈಗಳನ್ನು ತೊಳೆದುಕೊಂಡು, ಮರದ ಬುಡದಿಂದ ತಲೆಯೆತ್ತಿ ಮಾಡುವ ನಮಸ್ಕಾರಗಳು. ಮೇಲೆ ತಾವು ಕ್ಷೇಮವೆಂದು ದಿನಕ್ಕೆ ಆರು ಸಲ ತಿಳಿಯುತ್ತಿದೆ. ಕೆಳಗೆ ನಾವು ಹೇಗಿದ್ದೇವೆಂದು ತಿಳಿಸುವುದಕ್ಕೇ ಈ ಪತ್ರ.

ಹೋದ ತಿಂಗಳ ನೆರೆಯಲ್ಲಿ ಊರಿನ ಚರಂಡಿಯೆಲ್ಲ ನಮ್ಮ ಜೌಗಿಗೆ ನುಗ್ಗಿದಾಗ, ಇಪ್ಪತ್ತೆರಡು ವರ್ಷ ಅದೇ ನೀರಿನಲ್ಲಿ ಪಳಗಿದ ನಾನು ಛಾವಣಿ ಹತ್ತಿ ಕುಳಿತೆ. ಕೆಲಸಕ್ಕೆ ಸೇರಿ ಎಂಟೇ ತಿಂಗಳಾಗಿದ್ದ ತಾವು ಮಾತ್ರ ಗೂಟ ಕಿತ್ತುಕೊಂಡು ತೇಲಿ, ಹಳೆಯ ಮರದ ಕವಲಿಗೆ ಸಿಕ್ಕಿಕೊಂಡು, ನೆರೆ ಇಳಿದ ಮೇಲೂ ಅಲ್ಲಿಯೇ ಉಳಿದಿರಿ. ಆ ಕವಲಿನ ಪೊಟರೆಯಲ್ಲಿ ಬಿಂದಿಗೆಯಷ್ಟು ಮಳೆನೀರು ನಿಂತಿದೆ. ತಾವು ಅದರಲ್ಲಿ ಮೂಗದ್ದಿ, ಇಡೀ ಜೌಗಿನ ಪರವಾಗಿ, ಕಚೇರಿಗೆ ‘ಉತ್ತಮ’ ಎಂದು ವರದಿ ಕಳುಹಿಸುತ್ತಿದ್ದೀರಿ. ಇಂಥ ಸಂಯಮ ನನಗೆ ಏಳು ಜನ್ಮಕ್ಕೂ ಬರಲಿಕ್ಕಿಲ್ಲ.

ಕೆಳಗಿನ ಸಮಾಚಾರವೆಂದರೆ, ನೀರು ಕಪ್ಪಾಗಿದೆ. ಮೀನುಗಳು ಬೆಳಗಾದರೆ ಬಾಯಿ ತೆರೆದು ಮೇಲೆ ಬರುತ್ತವೆ, ಮಧ್ಯಾಹ್ನಕ್ಕೆ ಮಗ್ಗುಲಾಗಿ ತೇಲುತ್ತವೆ. ನೀರುಕಾಗೆಗಳ ನಲವತ್ತು ಗೂಡುಗಳಲ್ಲಿ ಮರಿಗಳ ಸದ್ದಿರುವುದು ಮೂರರಲ್ಲಿ. ನನ್ನ ಹೆಂಡತಿ ಮೂಗು ಮುಚ್ಚಿಕೊಂಡು ನನ್ನನ್ನು ಹಿತ್ತಲಲ್ಲೇ ತಡೆದು, “ಉತ್ತಮ ಅನ್ನೋ ಆ ಯಂತ್ರನೇ ಒಳಗೆ ಕರ್ಕೋತೀನಿ, ನೀವು ಅಲ್ಲೇ ನಿಂತು ಎರಡು ಸಲ ಸೋಪು ಹಾಕ್ಕೊಳ್ಳಿ” ಅನ್ನುತ್ತಾಳೆ. ತೂಬು ಎತ್ತಿದರೆ ಕೊಳೆನೀರು ಹೊರಹೋಗಿ ತೊರೆಯ ಹೊಸನೀರು ಬರುತ್ತದೆ. ಎತ್ತಲು ಕಚೇರಿಯ ಸಾಹೇಬರ ಅಪ್ಪಣೆ ಬೇಕು, ಸಾಹೇಬರಿಗೆ ‘ಕಳಪೆ’ ಎಂಬ ತಮ್ಮ ಅಪ್ಪಣೆ ಬೇಕು. ನಮ್ಮ ದಿನಚರಿ ಪುಸ್ತಕದಲ್ಲಿ ‘ಯಂತ್ರ ಕಂಡದ್ದು’, ‘ಕಾವಲುಗಾರ ಕಂಡದ್ದು’ ಎಂದು ಎರಡು ಅಂಕಣಗಳಿದ್ದು, ಎರಡೂ ಹೊಂದದಿದ್ದರೆ ಎರಡನೆಯದನ್ನು ತಿದ್ದಬೇಕೆಂಬುದು ನಿಯಮ.

ಕಳೆದ ವಾರ ತಡೆಯಲಾರದೆ ಮರ ಹತ್ತಿ, ತಮ್ಮನ್ನು ಇಳಿಸಿ ಜೌಗಿನಲ್ಲಿ ಅದ್ದಿದ ಅಪರಾಧ ನನ್ನದೇ. ತಾವು ಕೂಡಲೇ ‘ಅತಿ ಕಳಪೆ’ ಎಂದಿರಿ. ನನಗೆ ಸ್ವರ್ಗಕ್ಕೆ ಮೂರೇ ಗೇಣು. ಸಾಹೇಬರು ಮಾತ್ರ, “ನಿನ್ನೆವರೆಗೂ ಚೆನ್ನಾಗಿತ್ತು, ಮುಟ್ಟಿ ಕೆಡಿಸಿಟ್ಟೆಯಲ್ಲೋ ಮಾರಾಯ” ಎಂದು ದುರಸ್ತಿಯವನನ್ನು ಕರೆಸಿ, ತಮ್ಮನ್ನು ಮೊದಲಿದ್ದ ಜಾಗದಲ್ಲೇ ಕೂರಿಸಿ, ತಂತಿ ಬಿಗಿದು ಮುದ್ರೆ ಒತ್ತಿಸಿದರು. ಮೊದಲಿದ್ದ ಜಾಗವೆಂದರೆ ಕವಲು.

ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ, ತಾವಾಗಿಯೇ ಒಂದು ಸಲ ಕೆಳಗೆ ಬೀಳಬೇಕೆಂದು ಕೋರುತ್ತೇನೆ. ಅದು ಘನತೆಗೆ ಕುಂದೆನಿಸಿದರೆ, ಮೀನು, ಆಮೆ, ನೀರುಕಾಗೆಗಳ ಸಮೇತ ಜೌಗನ್ನೇ ತಮ್ಮ ಪೊಟರೆಯೊಳಗೆ ಕರೆದುಕೊಳ್ಳಿ, ಅಲ್ಲಿ ಎಲ್ಲವೂ ಉತ್ತಮವಾಗಿದೆಯಲ್ಲ. ಹಸಿದ ಮರಿಗಳ ಕೂಗು ಕೇಳಿಕೊಂಡು ದೋಣಿಗೆ ಹುಟ್ಟು ಹಾಕುವುದು ಇನ್ನು ನನ್ನಿಂದಾಗದು.

ತಮ್ಮ ವಿಶ್ವಾಸಿ,
ಎರಡನೆಯ ಅಂಕಣದವನು

ತಾ.ಕ.: ಈ ಪತ್ರ ಮೂರು ದಿನ ಜೇಬಿನಲ್ಲೇ ಉಳಿಯಿತು. ಅಷ್ಟರಲ್ಲಿ ತಮ್ಮ ಮೇಲಿನ ಕೊಂಬೆಯ ಗೂಡಿನ ಮರಿ ಸತ್ತು, ತಮ್ಮ ಪೊಟರೆಗೇ ಬಿದ್ದು ಕೊಳೆತು, ಇಂದು ಬೆಳಿಗ್ಗೆ ತಾವು ‘ಅತಿ ಕಳಪೆ’ ಎಂದಿದ್ದೀರಿ. ಮುದ್ರೆ ಒಡೆದಿರಲಿಲ್ಲವಾದ್ದರಿಂದ ಸಾಹೇಬರು ನಂಬಿ ತೂಬು ಎತ್ತಿಸಿದ್ದಾರೆ. ಉಳಿದೆರಡು ಗೂಡುಗಳಲ್ಲಿ ಇನ್ನೂ ಸದ್ದಿದೆ. ಜೌಗು ತಿಳಿಯಾಗುವವರೆಗೆ ತಮ್ಮನ್ನು ತೊಳೆಯಬಾರದೆಂದು, ಆ ಮರಿಯನ್ನು ಅಲ್ಲಿಂದ ತೆಗೆಯಬಾರದೆಂದು, ದುರಸ್ತಿಯವನ ಕಾಲು ಹಿಡಿದು ಬಂದಿದ್ದೇನೆ.