ಅವನ ವಿಮಾನ, ನನ್ನ ಪ್ರಾರ್ಥನೆ

ದೇವರು ನನ್ನ ಮೊರೆ ಕೇಳುವುದಿಲ್ಲ ಎಂದು ನಾನು ಯಾವತ್ತೂ ದೂರಿದವನಲ್ಲ. ಕೇಳುತ್ತಾನೆ, ನನ್ನ ಫಜೀತಿಗಳೆಲ್ಲ ಶುರುವಾಗುವುದೇ ಅಲ್ಲಿಂದ.

ಅಮೆರಿಕದ ನೋವೈ ಊರಿನಲ್ಲಿ ಪಕ್ಕದ ಮನೆಯವನೂ ನಾನೂ ಒಂದೇ ಫ್ಲೈಯಿಂಗ್ ಕ್ಲಬ್ಬಿನವರು. ಇಬ್ಬರಿಗೂ ಒಂದೊಂದು ಪುಟ್ಟ ವಿಮಾನ. ನನ್ನದಕ್ಕೆ ಹೆಚ್ಚುಕಮ್ಮಿ ನನ್ನದೇ ವಯಸ್ಸು. ಅವನದು ಬೆಳ್ಳಗೆ ಹೊಳೆಯುವ ಹೊಸದು. ಕ್ಲಬ್ಬಿನ ರೇಸಿನಲ್ಲಿ ಅವನು ಗೆದ್ದ ಕಪ್ ಎರಡು ವರ್ಷದಿಂದ ಅವನ ಕಿಟಕಿಯಲ್ಲಿದೆ, ಸರಿಯಾಗಿ ನಮ್ಮ ಅಡುಗೆಮನೆಯ ಸಿಂಕಿಗೆ ಎದುರಾಗಿ. ಪಾತ್ರೆ ತೊಳೆಯುವುದು ನನ್ನ ಪಾಲಿನ ಕೆಲಸ.

೧. ಕುಂಕುಮ

ಈ ವರ್ಷವಾದರೂ ಕಪ್ ನನಗೆ ಬರಲೆಂದು ವಿಮಾನಕ್ಕೆ ಪೂಜೆ ಮಾಡಿದೆ. ಮೂರು ಚಕ್ರಕ್ಕೆ ಮೂರು ನಿಂಬೆಹಣ್ಣು, ಮೂತಿಗೆ ಧಾರಾಳವಾಗಿ ಕುಂಕುಮ. ಎಂಜಿನ್ ಸ್ಟಾರ್ಟ್ ಮಾಡಿದ್ದೇ ತಡ, ಕುಂಕುಮವೆಲ್ಲ ಹಾರಿ ಹಿಂದೆ ನಿಂತಿದ್ದ ಅವನ ಬಿಳಿ ವಿಮಾನಕ್ಕೆ ಮೆತ್ತಿಕೊಂಡಿತು. ಬೈಯುತ್ತಾನೆ ಅಂದುಕೊಂಡರೆ ಕೈಮುಗಿದ.

"ನಾನಿನ್ನೂ ಸ್ನಾನಾನೇ ಮಾಡಿಲ್ಲ ಅಂಕಲ್, ನನ್ನದಕ್ಕೂ ಪೂಜೆ ಆಗೋಯ್ತು."

೨. ಗೋತ್ರ

ವಿಮಾನದ ಹೆಸರಿನಲ್ಲೇ ಅರ್ಚನೆ ಮಾಡಿಸೋಣವೆಂದು ದೇವಸ್ಥಾನಕ್ಕೆ ಹೋದೆ. ಅರ್ಚಕರು ಹೆಸರು ಕೇಳಿದರು. ಬಾಲದ ಮೇಲಿನ ನಂಬರ್ ಹೇಳಿದೆ. ಗೋತ್ರ ಕೇಳಿದರು, ನನ್ನದನ್ನೇ ಕೊಟ್ಟೆ. ನಕ್ಷತ್ರ ಗೊತ್ತಿಲ್ಲ ಎಂದಾಗ ಅವರಿಗೆ ಏನೋ ಹೊಳೆದ ಹಾಗಾಯಿತು.

"ಓ, ನೀವೇನಾ? ನಿಮ್ಮ ಪಕ್ಕದ ಮನೆಯವರು ನಿನ್ನೇನೇ ಬಂದು ನಿಮ್ಮ ಕ್ಷೇಮಕ್ಕೆ ಅಂತ ಅರ್ಚನೆ ಮಾಡಿಸಿದ್ರು. ವಿಮಾನ ತೀರಾ ಹಳೇದಂತೆ, ಪಾಪ."

ಅವನ ಒಳ್ಳೆಯತನ ಕಂಡೂ ನನಗೆ ಹೊಟ್ಟೆ ಉರಿಯಿತು. ಪ್ರಸಾದ ತಿಂದರೂ ತಣ್ಣಗಾಗಲಿಲ್ಲ.

೩. ಬೇಡಿಕೆ

ನಮ್ಮ ರೇಸಿನಲ್ಲಿ ಮೊದಲು ಗುರಿ ಮುಟ್ಟಿದವನೇ ಗೆದ್ದ ಅಂತಿಲ್ಲ. ಒಂದು ವಾರ ಮುಂಚೆ ಪ್ರತಿ ವಿಮಾನದ ವೇಗ ಅಳೆದು ಬರೆದಿಡುತ್ತಾರೆ. ಅದೇ ಅದರ ಹ್ಯಾಂಡಿಕ್ಯಾಪ್. ರೇಸಿನ ದಿನ ತನ್ನ ಆ ವೇಗವನ್ನು ಯಾರು ಹೆಚ್ಚು ಮೀರುತ್ತಾರೋ ಅವರಿಗೆ ಕಪ್. ಇದೆಲ್ಲ ನನಗೆ ಬಾಯಿಪಾಠ. ಆದರೆ ಅಳತೆಯ ದಿನ ಅವನ ವಿಮಾನ ಕಣ್ಣಿಗೆ ಬಿದ್ದದ್ದೇ ಎಲ್ಲ ಮರೆತುಹೋಯಿತು. ಹೆಂಡತಿ ಪಕ್ಕದಲ್ಲೇ ನಿಂತಿದ್ದರೂ ಕಣ್ಣುಮುಚ್ಚಿ ಬಾಯಿಬಿಟ್ಟೇ ಬೇಡಿಕೊಂಡೆ: ಸ್ವಾಮೀ, ನನ್ನದು ಬಾಣದ ಹಾಗೆ ಹೋಗಲಿ, ಅವನದು ಎತ್ತಿನಗಾಡಿಯಾಗಲಿ.

ಸ್ವಾಮಿ ಎರಡನ್ನೂ ನಡೆಸಿಕೊಟ್ಟ. ನನ್ನ ಮುದಿ ವಿಮಾನ ಜನ್ಮದಲ್ಲಿ ಹಾರದಷ್ಟು ಜೋರಾಗಿ ಹಾರಿತು. ಅವನದು ಯಾಕೋ ಏದುಸಿರು ಬಿಟ್ಟಿತು. ಆನಂದಬಾಷ್ಪ ಒರೆಸಿಕೊಳ್ಳುತ್ತ ಇಳಿದವನು, ಗೋಡೆಗೆ ಹ್ಯಾಂಡಿಕ್ಯಾಪ್ ಪಟ್ಟಿ ಅಂಟಿಸಿದಾಗ ತಲೆಯ ಮೇಲೆ ಕೈಹೊತ್ತು ಕೂತೆ.

ಮುಂದಿನ ವಾರ ಶಿಕಾಗೋ ಕಡೆಗೆ ರೇಸು. ಎರಡೂ ವಿಮಾನ ತಮ್ಮ ಎಂದಿನ ವೇಗದಲ್ಲೇ ಹಾರಿದವು. ನಾನು ಕಟ್ಟಕಡೆಯವನಾದೆ. ಕಪ್ ಅವನಿಗೆ.

ಸಂಜೆ ಶಿಕಾಗೋ ಪಕ್ಕದ ಇಟಾಸ್ಕಾದ ಹೋಟೆಲಿನಲ್ಲಿ ಅವನು ಕಪ್ ಹಿಡಿದುಕೊಂಡೇ ಬಂದು, ಎಲ್ಲರೆದುರು ನನ್ನ ಕಾಲಿಗೆ ನಮಸ್ಕಾರ ಮಾಡಿದ.

"ಅಳತೆ ದಿನ ನನ್ನ ವಿಮಾನಕ್ಕೂ ಸೇರಿಸಿ ದೇವರನ್ನ ಬೇಡಿಕೊಂಡ್ರಂತೆ, ಆಂಟಿ ಎಲ್ಲಾ ಹೇಳಿದ್ರು. ಮುಂದಿನ ವರ್ಷಾನೂ ಅದನ್ನೇ ಬೇಡ್ಕೊಳ್ಳಿ ಅಂಕಲ್. ಒಂದಕ್ಷರಾನೂ ಬದಲಾಯಿಸ್ಬೇಡಿ."