ತಲೆಯ ಮೇಲೆ ದೋಣಿ, ಕಣ್ಣ ಮುಂದೆ ಬೂಟು

“ಈ ಸಲ ಒಂದೇ ಹೊರೆ! ಬಿಟ್ಟುಬಂದ ಸಾಮಾನಿಗೆ ಅಂತ ಒಂದೇ ಒಂದು ಹೆಜ್ಜೆ ಹಿಂದಕ್ಕಿಟ್ರೆ ನನ್ನ ಹೆಸರು ವೆಂಡೆಲ್ ಅಲ್ಲ!”

ವೆಂಡೆಲ್ ಹೌಕಾಸ್ ಊಟದ ಮೇಜು ಗುದ್ದಿ ಹೀಗೆ ಘೋಷಿಸಿದ ಏಟಿಗೆ ಕಾಫಿ ಚೆಲ್ಲಿ, ಮೇಜಿನ ಮೇಲೆ ಹರಡಿದ್ದ ನಕಾಶೆಯಲ್ಲಿ ಉತ್ತರ ಮಿನ್ನೆಸೋಟಾಕ್ಕೆ ಹೊಸದೊಂದು ಸರೋವರ ಸೇರ್ಪಡೆಯಾಯಿತು. ಹೆಂಡತಿ ಮಾರ್ಲಿಸ್ ಅದನ್ನು ಒರೆಸುತ್ತಾ, “ಹೆಸರು ಬದಲಾಯಿಸೋದಿದ್ರೆ ಈಗ್ಲೇ ಹೇಳ್ರೀ, ಕಾಡಿಗೆ ಹೋಗೋ ಪರವಾನಗಿ ನಿಮ್ಮ ಹೆಸರಲ್ಲೇ ಬಂದಿದೆ,” ಎಂದಳು.

ವಿಷಯ ಇಷ್ಟು. ಬೇಸಿಗೆ ಬಂತೆಂದರೆ ಆ ಕಡೆಯ ಜನ ದೋಣಿ ಹತ್ತಿ ಕಾಡು ಸೇರಿ ದಿನಗಟ್ಟಲೆ ಡೇರೆಯಲ್ಲಿರುತ್ತಾರೆ. ಸರೋವರಗಳೇನೋ ಬೇಕಾದಷ್ಟಿವೆ, ಆದರೆ ಒಂದಕ್ಕೊಂದು ಜೋಡಿಸುವುದನ್ನು ದೇವರು ಮರೆತಿದ್ದಾನೆ. ಒಂದು ಮುಗಿದು ಇನ್ನೊಂದು ಸಿಗುವ ತನಕ ದೋಣಿಯನ್ನು ಬೋರಲು ಹಾಕಿ, ಅದರ ನಡುವಿನ ಅಡ್ಡಪಟ್ಟಿಯಾದ ನೊಗವನ್ನು ಹೆಗಲಿಗೇರಿಸಿ, ಬೆನ್ನಿಗೊಂದು ಚೀಲ ಕಟ್ಟಿಕೊಂಡು ಕಲ್ಲುಮುಳ್ಳಿನ ದಾರಿಯಲ್ಲಿ ನಡೆಯಬೇಕು. ನೀರಿನಲ್ಲಿ ದೋಣಿ ನಮ್ಮನ್ನು ಹೊರುತ್ತದೆ, ನೆಲದಲ್ಲಿ ನಾವು ದೋಣಿಯನ್ನು ಹೊರಬೇಕು. ಸಂಸಾರದ ನಿಯಮವೂ ಇದೇ ತಾನೆ! ಎಲ್ಲವನ್ನೂ ಒಂದೇ ಸಲಕ್ಕೆ ದಾಟಿಸಿದವನು ಶೂರ. ಅರ್ಧ ಇಟ್ಟು, ಉಳಿದರ್ಧಕ್ಕೆ ಹಿಂದಕ್ಕೋಡಿದವನು ಊರಿನ ಕಾಫಿ ಅಂಗಡಿಯಲ್ಲಿ ತಲೆಯೆತ್ತುವಂತಿಲ್ಲ.

ಆದರೆ ವೆಂಡೆಲ್‌ನ ಶೌರ್ಯಕ್ಕೆ ಬೇರೆಯೇ ಕಾರಣವಿತ್ತು. ಆ ಕಾರಣದ ಹೆಸರು ವರ್ನಾ. ಮಾರ್ಲಿಸ್‌ಳ ತಂಗಿ.

“ವಯಸ್ಸಾಯ್ತು, ನಿಮಗೊಬ್ರಿಗೇ ಅಷ್ಟೂ ಹೊರೋಕಾಗಲ್ಲ. ವರ್ನಾನೂ ಕರ್ಕೊಂಡು ಹೋಗೋಣ, ಚೀಲ ಅವಳು ಹೊರ್ತಾಳೆ,” ಎಂಬುದು ಮಾರ್ಲಿಸ್‌ಳ ವಾದ.

“ಚೀಲ ಅವಳು ಹೊರ್ತಾಳೆ. ಅವಳ ಮಾತು ಯಾರು ಹೊರ್ತಾರೆ?”

ನಾದಿನಿ ಎಂಬ ಪದದಲ್ಲೇ ನಾದ ಇದೆ ನೋಡಿ! ವರ್ನಾಳದು ನಿಲ್ಲದ ನಾದ. ಹೋದ ವರ್ಷ ಅವಳ ಮಾತು ಕೇಳಿಸಿಕೊಂಡ ಕರಡಿಯೊಂದು, ಮರಕ್ಕೆ ನೇತುಹಾಕಿದ್ದ ಊಟದ ಚೀಲವನ್ನು ಮುಟ್ಟದೆ ಕೈಮುಗಿದು ಹೋಯಿತೆಂದು ವೆಂಡೆಲ್ ಕಂಡಕಂಡವರಿಗೆಲ್ಲ ಹೇಳಿದ್ದ. ಮದುವೆಯಾದಾಗಿನಿಂದ ಗಂಡಹೆಂಡಿರಿಬ್ಬರೇ ಒಮ್ಮೆಯೂ ಆ ಕಾಡಿಗೆ ಹೋದವರಲ್ಲ. ಮೊದಲು ಮಕ್ಕಳು, ಆಮೇಲೆ ಮಾವ, ಆಮೇಲೆ ವರ್ನಾ. ಸಂಜೆ ನೀರಿನಂಚಿನ ಬಂಡೆಯ ಮೇಲೆ ಹೆಂಡತಿಯ ಪಕ್ಕ ಸುಮ್ಮನೆ ಕೂತಿರಬೇಕು, ಅಷ್ಟೇ ಅವನಾಸೆ. ಪಾಪ, ದೊಡ್ಡ ಆಸೆಯೇನಲ್ಲ.

ಕೊನೆಗೆ ಮಾರ್ಲಿಸ್ ಷರತ್ತು ಹಾಕಿದಳು. “ನಮ್ಮ ಗ್ಯಾರೇಜಿಂದ ದೋಣಿಕಟ್ಟೆವರೆಗೂ ದೋಣಿ, ಚೀಲ ಎರಡೂ ಹೊತ್ಕೊಂಡು ನಡೀರಿ ನೋಡೋಣ. ಎಲ್ಲೂ ಕೆಳಗಿಡಬಾರ್ದು. ಗೆದ್ರೆ ನಾವಿಬ್ರೇ. ಸೋತ್ರೆ ವರ್ನಾನೂ ಬರ್ತಾಳೆ.”

“ಗೆದ್ದೆ ಅಂತ್ಲೇ ಇಟ್ಕೋ! ನಾವಿಬ್ರೇ!”

ಶನಿವಾರ ಬೆಳಿಗ್ಗೆ ದಂಡಯಾತ್ರೆ ಹೊರಟಿತು. ಅಪ್ಪನ ಕಾಲದ ಅಲ್ಯೂಮಿನಿಯಂ ದೋಣಿ. ಎತ್ತಿದ ರಭಸಕ್ಕೆ ಮೊದಲು ಹೂಕುಂಡ ಹೋಯಿತು, ಆಮೇಲೆ ಜಗಲಿಯ ದೀಪ ಹೋಯಿತು, ಕೊನೆಗೆ ವೆಂಡೆಲ್‌ನ ತಲೆಯೇ ಕಾಣದಂತಾಯಿತು. ದೋಣಿಯೊಳಗಿಂದ “ಹೊರಡು!” ಎಂಬ ಗುಡುಗು ಕೇಳಿತು. ಹಾಗೆ ಹೊತ್ತವನಿಗೆ ಕಾಣುವುದು ಮುಂದೆ ನಡೆಯುವವರ ಪಾದ ಮಾತ್ರ.

“ನನ್ನ ಬೂಟು ನೋಡ್ಕೊಂಡು ಬನ್ನಿ,” ಎಂದು ಮಾರ್ಲಿಸ್ ಮುಂದೆ ನಡೆದಳು. ಹಳದಿ ರಬ್ಬರ್ ಬೂಟು. ಎರಡನೇ ಜೊತೆ ಅರ್ಧ ಬೆಲೆಗೆ ಸಿಗುತ್ತದೆಂದು ಅಕ್ಕತಂಗಿಯರು ಒಟ್ಟಿಗೇ ಕೊಂಡದ್ದು. ಇದನ್ನು ನೀವು ಗಮನಿಸಿದಿರಿ, ವೆಂಡೆಲ್ ಗಮನಿಸಲಿಲ್ಲ.

ಬೀದಿಯ ತಿರುವಿನಲ್ಲಿ ಮುದುಕ ಇಲ್ಮರ್ ಬೇಲಿಯಾಚೆಯಿಂದ ಕೂಗಿದ. “ಮಾರ್ಲಿಸ್! ರುಬಾರ್ಬ್ ದಂಟು ರಾಶಿ ಬೆಳೆದುಬಿಟ್ಟಿದೆ, ತಗೊಂಡು ಹೋಗಮ್ಮ!”

“ಅಯ್ಯೋ, ಬೇಡ ಬೇಡ!”

ಬೇಡ ಬೇಡವೆಂದು ಸಾಕಷ್ಟು ಹೇಳದೆ ಕೈಚಾಚಿದರೆ ಆ ಊರಲ್ಲಿ ಮರ್ಯಾದೆ ಉಳಿಯುವುದಿಲ್ಲ. ಮಾರ್ಲಿಸ್ ಬೇಡ ಅನ್ನಲು ಬೇಲಿಯ ಹತ್ತಿರ ಹೋದಳು. ವೆಂಡೆಲ್ ನಿಂತಲ್ಲೇ ತೂಗಾಡಿದ. ಸೊಳ್ಳೆಯೊಂದು ದೋಣಿಯೊಳಗೆ ಬಂದು ಮೂಗಿನ ಮೇಲೆ ಕೂತು ನಿಧಾನವಾಗಿ ತಿಂಡಿ ಮುಗಿಸಿತು. ಹೊಡೆಯೋಣವೆಂದರೆ ಎರಡು ಕೈಯಲ್ಲೂ ದೋಣಿ!

ಅದೇ ಹೊತ್ತಿಗೆ ಅಕ್ಕನ ಮನೆಗೆಂದು ಹೊರಟಿದ್ದ ವರ್ನಾ ಎದುರಾದಳು. ಕಾಲು ಮೂಡಿದ ದೋಣಿಯನ್ನು ಕಂಡು ಬಾಯಿ ತೆರೆದಳು. ಅವಳಿಗಿಂತ ಮೊದಲೇ ದೋಣಿ ಮಾತಾಡಿತು.

“ಏನೇ ನಿಂತ್ಬಿಟ್ಟೆ? ನಡಿಯೇ ಬೇಗ! ನಿನ್ನ ತಂಗಿ ವಕ್ಕರಿಸೋಕ್ಮುಂಚೆ ಕಟ್ಟೆ ಸೇರ್ಬೇಕು!”

ವರ್ನಾ ಬಾಯಿ ಮುಚ್ಚಿದಳು. ಹುಟ್ಟಿದ ಮೇಲೆ ಅದೇ ಮೊದಲಿರಬೇಕು. ಮೆಲ್ಲನೆ ತಿರುಗಿ ಮುಂದೆ ನಡೆದಳು. ಹಳದಿ ಬೂಟಿನ ಹಿಂದೆ ದೋಣಿಯೂ ಹೊರಟಿತು.

“ನಿಜ ಹೇಳ್ಲಾ?” ವೆಂಡೆಲ್‌ಗೆ ಹುರುಪು ಬಂತು. “ಚೀಲದಲ್ಲಿ ಕಬ್ಬಿಣದ ಬಾಣಲೆ, ಹಿಟ್ಟು, ಅಕ್ಕಿ ಏನೂ ಇಲ್ಲ ಕಣೆ. ಬರೀ ದಿಂಬು! ಹೆಂಗೆ ನಿನ್ ಗಂಡ?”

“ಹೂಂ.”

“ಕೋಪ ಮಾಡ್ಕೋಬೇಡ. ನಿನ್ನ ತಂಗಿ ತಪ್ಪಿದ್ರೆ ಸಾಕು ಅಂತ. ಅವಳು ಬಾಯಿ ತೆಗೆದ್ರೆ ಲೂನ್ ಹಕ್ಕಿಗಳೆಲ್ಲ ಗಂಟುಮೂಟೆ ಕಟ್ಕೊಂಡು ಕೆನಡಾಕ್ಕೆ ಹೋಗ್ತವೆ!”

“ಹೂಂ.”

“ಹೋದ ವರ್ಷ ಅವಳು ಮಾಡಿದ ಮೀನಿನ ಅಡುಗೆ, ಆ ಟ್ಯೂನಾ ಹಾಟ್‌ಡಿಶ್ ಇತ್ತಲ್ಲ, ನಾನದನ್ನ ತಿನ್ಲೇ ಇಲ್ಲ. ಬಂಡೆ ಹಿಂದೆ ಹೂತ್ಹಾಕ್ದೆ. ಅಲ್ಲಿ ಇವತ್ತಿಗೂ ಹುಲ್ಲು ಹುಟ್ಟಿರಲಿಕ್ಕಿಲ್ಲ!”

ಬೂಟು ಗಕ್ಕನೆ ನಿಂತಿತು. ಮರುಕ್ಷಣ ಕಟ್ಟೆಯ ದಾರಿ ಬಿಟ್ಟು ಚರ್ಚಿನ ಕಡೆಗೆ ತಿರುಗಿತು. ಚರ್ಚನ್ನು ಒಂದು ಸುತ್ತು ಹಾಕಿತು. ಸಾಲದೆಂದು ಇನ್ನೊಂದು ಸುತ್ತು ಹಾಕಿತು. ಕೆಸರಿದ್ದಲ್ಲಿ ಕೆಸರು, ಮುಳ್ಳಿದ್ದಲ್ಲಿ ಮುಳ್ಳು, ಏನನ್ನೂ ಬಿಡಲಿಲ್ಲ. ನೊಗ ವೆಂಡೆಲ್‌ನ ಹೆಗಲನ್ನು ಕೊರೆಯಿತು, ಆದರೂ ಹಲ್ಲು ಕಚ್ಚಿ ನಡೆದ. ಬಂಡೆ, ಸಂಜೆ, ಮಾರ್ಲಿಸ್!

“ಕಟ್ಟೆ ಇಷ್ಟು ದೂರ ಇತ್ತೇನೇ?”

“ಹೂಂ.”

ಅಂತೂ ನೀರಿನ ಸದ್ದು ಕೇಳಿತು. ದೋಣಿಯನ್ನು ಧಡಾರನೆ ಹುಲ್ಲಿಗೆ ಉರುಳಿಸಿ, ಚೀಲ ಕಳಚಿ, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಎರಡೂ ತೋಳು ಚಾಚಿ ಕೂಗಿದ: “ಗೆದ್ದೆ! ಇನ್ಮೇಲೆ ನಾವಿಬ್ರೇ!”

“ಹೌದು ಭಾವ,” ಎಂದಳು ವರ್ನಾ. “ಸದ್ಯಕ್ಕೆ ನಾವಿಬ್ರೇ.”

ಚಾಚಿದ ತೋಳು ಚಾಚಿದಂತೆಯೇ ಉಳಿಯಿತು. ಅಷ್ಟರಲ್ಲಿ ಮಾರ್ಲಿಸ್ ಕಂಕುಳ ತುಂಬ ರುಬಾರ್ಬ್ ಹಿಡಿದು ಏದುಸಿರು ಬಿಡುತ್ತಾ ಬಂದಳು.

“ಎಲ್ರೀ ಹೋಗಿದ್ರಿ? ನಿಮ್ಮ ದೋಣಿ ಚರ್ಚಿಗೆ ಪ್ರದಕ್ಷಿಣೆ ಹಾಕ್ತಿದೆ ಅಂತ ದಾರೀಲಿ ಸಿಕ್ಕೋರೆಲ್ಲ ಹೇಳಿದ್ರು! ಕೆಳಗೆ ಇಡ್ಲಿಲ್ಲ ತಾನೆ?”

“ಇಡ್ಲಿಲ್ಲ ಅಕ್ಕ, ನಾನೇ ಸಾಕ್ಷಿ,” ಎಂದಳು ವರ್ನಾ. ವೆಂಡೆಲ್ ತನ್ನ ಕಿವಿಯನ್ನು ತಾನೇ ನಂಬಲಿಲ್ಲ. ಅವಳು ಮುಂದುವರಿಸಿದಳು: “ನಿಜ ಹೇಳ್ಬೇಕಂದ್ರೆ, ನಾನು ನಿಮ್ಮನೆಗೆ ಹೊರಟಿದ್ದೇ ಬರೋಕಾಗಲ್ಲ ಅಂತ ಹೇಳೋಕೆ. ಮಂಡಿನೋವು. ಈ ಸಲ ನೀವಿಬ್ರೇ ಆರಾಮಾಗಿ ಹೋಗ್ಬನ್ನಿ ಅಂತಿದ್ದೆ.”

ವೆಂಡೆಲ್‌ನ ಮುಖ ಊರಗಲ ಅರಳಿತು. “ಪಾಪ, ಮಂಡಿ ಜೋಪಾನ ವರ್ನಾ! ನಿನ್ನಂಥ ನಾದಿನಿ ಯಾರಿಗೆ ಸಿಗ್ತಾಳೆ!”

“ಆದ್ರೆ ನೋಡು ಅಕ್ಕ, ಭಾವನ ಮುಂದೆ ಇಷ್ಟು ದೂರ ನಡೆದ್ನಲ್ಲ, ಒಂದೊಂದು ಮಾತಿಗೂ ನೋವು ಇಳೀತಾ ಇಳೀತಾ ಈಗ ಮಂಡಿ ಇದ್ಯೋ ಇಲ್ವೋ ಅನ್ನೋದೇ ಗೊತ್ತಾಗ್ತಿಲ್ಲ. ಎಲ್ಲಿಗೆ ಬೇಕಾದ್ರೂ ಬರ್ತೀನಿ. ಎಲ್ಲಿ, ಭಾವನ ಚೀಲ ಒಂದ್ಸಲ ಎತ್ತಿ ನೋಡು.”

ಮಾರ್ಲಿಸ್ ಕಿರುಬೆರಳಲ್ಲಿ ಎತ್ತಿದಳು. ಚೀಲ ಗಾಳಿಪಟದ ಹಾಗೆ ಮೇಲೆ ಬಂತು. ಅವಳು ಗಂಡನನ್ನು ನೋಡಿದಳು. ಗಂಡ ಸರೋವರವನ್ನು ನೋಡಿದ.

“ನೀನು... ನೀನು ಅಕ್ಕನ ಥರ ಮಾತಾಡಿ ನನಗೆ ಮೋಸ ಮಾಡ್ದೆ!” ಎಂದು ವೆಂಡೆಲ್ ನಾದಿನಿಯ ಮೇಲೆ ಹರಿಹಾಯ್ದ.

“ನಾನಾ? ದಾರಿಯುದ್ದಕ್ಕೂ ಬಾಯೇ ಬಿಡ್ಲಿಲ್ಲ ಭಾವ,” ಎಂದಳು ವರ್ನಾ. “ಬರೀ ಹೂಂ ಅಂದೆ!”