ದೊಡ್ಡಪ್ಪನ ಗದ್ದೆಯಲ್ಲಿ ವಾಯುಪಡೆ

ನಕಾಶೆಯ ಮೇಲೆ ನಾನು ಎಳೆದ ಗೆರೆ ಏಳು ಸೆಂಟಿಮೀಟರ್ ಉದ್ದವಿತ್ತು. ಎಂಟು ಎಳೆದಿದ್ದರೆ ಕಾಲುವೆಗೆ ಬೀಳುತ್ತಿತ್ತು. ನಿಖರತೆ ನನ್ನ ಗುಣವೆಂದು ಬಹುಕಾಲ ನಂಬಿದ್ದೆ. ಅದೊಂದು ಚಟವೆಂದು ಈ ಮಳೆಗಾಲದಲ್ಲಿ ತಿಳಿಯಿತು.

ಸಿಂಧನೂರಿನ ಕಾಲೇಜೊಂದರಲ್ಲಿ ಇತಿಹಾಸ ಕಲಿಸುವ ನಾನು ಮನೆಯಲ್ಲಿ ಯಾರಿಗೂ ಹೇಳದೆ ಕಾದಂಬರಿ ಬರೆಯುತ್ತಿದ್ದೇನೆ. ಅದರಲ್ಲಿ ನಿಜಾಮರ ರಾಜ್ಯ ಇಂದಿಗೂ ಬೇರೆಯೇ ದೇಶ, ಅದಕ್ಕೊಂದು ವಾಯುಪಡೆ. ನಡೆಯದ ಇತಿಹಾಸವನ್ನು ಬರೆಯುವವರು ನೆಲವನ್ನಾದರೂ ಸರಿಯಾಗಿ ತೋರಿಸಬೇಕೆಂಬುದು ನನ್ನ ಹಟ. ಲಿಂಗಸುಗೂರಿನ ಕಲ್ಲುನೆಲ, ಮಸ್ಕಿಯ ಗುಡ್ಡ ಎರಡನ್ನೂ ಬಿಟ್ಟು, ಸಮತಟ್ಟಾಗಿದೆ ಎಂದು ಜವಳಗೇರಾವನ್ನು ಆರಿಸಿದೆ. ಊರ ನಕಾಶೆಯ ಮೇಲೆ, ಸರ್ವೇ ನಂಬರುಗಳ ಸಮೇತ, ರನ್‌ವೇ ಗುರುತಿಸಿ ಜೆರಾಕ್ಸ್ ಅಂಗಡಿಗೆ ಕೊಟ್ಟೆ. ಅಂಗಡಿಯವನು ಅದೇ ಊರಿನವನು. ನನಗೆ ಎರಡು ಪ್ರತಿ ತೆಗೆದ, ಊರಿಗೊಂದು.

ಗೆರೆ ನಮ್ಮ ದೊಡ್ಡಪ್ಪನ ಗದ್ದೆಯ ನಡುವೆಯೇ ಹಾದಿತ್ತು. ಭತ್ತದ ಸಸಿ ಹಚ್ಚಲು ಬಂದ ಹೆಣ್ಣಾಳುಗಳನ್ನು ಅವರು ವಾಪಸು ಕಳಿಸಿ, ಊರ ಕಟ್ಟೆಯ ಮೇಲೆ ಕೂತು, “ವಿಮಾನ ಬರಾಕತ್ತಾವ” ಎಂದು ಸಾರಿಬಿಟ್ಟಿದ್ದರು. ಮಡಿಯಲ್ಲಿ ಸಸಿ ಬಲಿಯುತ್ತಿತ್ತು. ಇನ್ನು ನಾಲ್ಕು ದಿನ ಬಿಟ್ಟರೆ ಈ ಸಲದ ಬೆಳೆಯ ಆಸೆ ಬಿಡಬೇಕು. ನಾನು ಬಸ್ ಹತ್ತಿದೆ.

“ದೊಡ್ಡಪ್ಪ, ಅದು ಕಥಿ. ಯಾವ ವಿಮಾನನೂ ಬರಂಗಿಲ್ಲ.”

“ಕಥಿಗೆ ಸರ್ವೇ ನಂಬರ್ ಯಾಕಬೇ?”

ಎಂ.ಎ. ಮೌಖಿಕ ಪರೀಕ್ಷೆಯಲ್ಲೂ ಯಾರೂ ನನ್ನನ್ನು ಇಷ್ಟು ಚೆನ್ನಾಗಿ ಹಿಡಿದಿರಲಿಲ್ಲ.

“ಯಾವ ಸರ್ಕಾರದ್ದು ವಿಮಾನ?”

“ನಿಜಾಮರದ್ದು. ಕಥಿಯಾಗ ಅವರ ಆಳ್ವಿಕೆ ಇನ್ನೂ ಮುಗಿದಿಲ್ಲ.”

ದೊಡ್ಡಪ್ಪ ಯೋಚಿಸಿದರು. “ಹಂಗಾರ ನನ್ನ ಹೊಲ ಇನ್ನೂ ಜಾಗೀರದಾರಂದ ಐತಿ ಅನ್ನು. ಓದಿಸಿದ್ದಕ್ಕ ಹೊಲಾನ ಕಸಗೊಂಡಿ.”

ದೊಡ್ಡವ್ವ ಒಳಗಿನಿಂದಲೇ ಅಂದಳು: “ಆಕಿ ಹಾಳ್ಯಾಗ ಬರದಾಳ, ನೀವು ಕಟ್ಟಿಮ್ಯಾಲ ಒದರಿ ಬಂದೀರಿ. ಆಕಿನ್ನ ಯಾಕ ಬೈತೀರಿ?”

ದೊಡ್ಡಪ್ಪನ ನೋವಿದ್ದದ್ದು ಆ ಒದರಿದ್ದರಲ್ಲೇ. ಕಥೆಯೆಂಬುದು ಅವರಿಗೆ ಆಗಲೇ ಅರ್ಥವಾಗಿತ್ತು. “ಈಗ ಸಸಿ ಹಚ್ಚಿದ್ರ ಮಂದಿ ನಗತೈತಿ. ಬರಂಗಿಲ್ಲಂತ ಹಾಳ್ಯಾಗ ಕೊಡು. ಬಾಯಿಮಾತು ಕಟ್ಟಿಮ್ಯಾಲ ನಡ್ಯಂಗಿಲ್ಲ.”

ತಪ್ಪು ನನ್ನದೆಂದು ಬರೆದುಕೊಡುತ್ತೇನೆ ಎಂದೆ.

“ನೀ ಬರದ್ರ ಏನು ಬಂತು? ವಿಮಾನದವರು ಬರೀಬೇಕು.”

ಅಡಿಟಿಪ್ಪಣಿ ತಪ್ಪಾದರೆ ವಿದ್ಯಾರ್ಥಿಗಳ ಅಂಕ ಕಡಿಯುವ ನಾನು ಮರುದಿನ ಬೆಳಿಗ್ಗೆ ದೊಡ್ಡಪ್ಪನ ಪಡಸಾಲೆಯಲ್ಲಿ ಕೂತು, ಎಂದೂ ಇರದ ವಾಯುಪಡೆಯ ಪರವಾಗಿ ಆದೇಶ ಬರೆದೆ: ಜವಳಗೇರಾದ ರನ್‌ವೇಯನ್ನು ತಾಂತ್ರಿಕ ಕಾರಣಗಳಿಂದ ಕೈಬಿಡಲಾಗಿದೆ. ಇರದ ಸೇನಾಧಿಕಾರಿಯ ಸಹಿಯನ್ನೂ ಹಾಕಿದೆ. ದೊಡ್ಡಪ್ಪ ಎರಡು ಸಲ ಓದಿ, ಆಳುಗಳ ಮುಖ್ಯಸ್ಥೆಗೆ ಫೋನ್ ಮಾಡಿದರು. “ಬರ್ರಿ. ವಿಮಾನ ಕ್ಯಾನ್ಸಲ್ ಆಗ್ಯಾವ.” ಆಮೇಲೆ ಹಾಳೆಯನ್ನು ನನ್ನ ಮುಂದಿಟ್ಟು, “ಜಾವಕ ನಂಬರ್ ಇಲ್ಲಲ್ಲಬೇ” ಎಂದರು. ಕಚೇರಿಯಿಂದ ಹೊರಹೋಗುವ ಪ್ರತಿ ಕಾಗದಕ್ಕೂ ಅದು ಬೇಕಲ್ಲ. ‘ಒಂದು’ ಎಂದು ಬರೆದರೆ ವಾಯುಪಡೆ ಇಷ್ಟು ವರ್ಷ ಕೆಲಸವನ್ನೇ ಮಾಡಿಲ್ಲ ಅನ್ನಿಸೀತೆಂದು, ತುಸು ಯೋಚಿಸಿ, ನಾನೂರ ಹದಿನೇಳು ಎಂದು ಬರೆದೆ.